ಹಿಮ ಬಿದ್ದಾಗ ಬೈಕು ಶೆಡ್ಡಿಗೆ, ಪಾತ್ರೆ ಒಲೆಗೆ

ಫೆಬ್ರುವರಿಯ ಒಂದು ಶನಿವಾರ, ಬೆಳಿಗ್ಗೆ ಹನ್ನೊಂದರ ಸುಮಾರು. ಅಮೆರಿಕದ ಉತ್ತರ ಭಾಗದ ಯಾವುದೋ ಚಿಕ್ಕ ಊರು. ಒಹಾಯೊ, ಮಿಷಿಗನ್, ವಿಸ್ಕಾನ್ಸಿನ್, ಎಲ್ಲಾದರೂ ಆದೀತು. ರಸ್ತೆಯ ಎರಡೂ ಬದಿಗೆ ಗುಡ್ಡೆ ಹಾಕಿದ ಹಿಮ ಮಸಿ ಹಿಡಿದು ಕಪ್ಪಾಗಿದೆ. ಮಾಜಿ ಸೈನಿಕರ ಸಂಘದ ಸಭಾಂಗಣದ ಮುಂದೆ ಕಾರು, ಪಿಕಪ್ ಟ್ರಕ್ಕುಗಳ ಸಾಲು. ಅವುಗಳ ನಡುವೆ ಉಪ್ಪಿನ ಬಿಳಿ ಮೆತ್ತಿಕೊಂಡ ಮೂರೋ ನಾಲ್ಕೋ ಮೋಟರ್‌ಸೈಕಲ್. ಒಳಗೆ ಕಾಲಿಟ್ಟರೆ ಕನ್ನಡಕದ ಗಾಜಿಗೆ ಹಬೆ ಹಿಡಿಯುತ್ತದೆ, ಮೂಗಿಗೆ ಜೀರಿಗೆ ಹೊಡೆಯುತ್ತದೆ. ಬೆನ್ನಿನ ಮೇಲೆ ಕ್ಲಬ್ಬಿನ ಲಾಂಛನ ಹೊಲಿಸಿಕೊಂಡ ಚರ್ಮದ ಜಾಕೀಟಿನ ಆಜಾನುಬಾಹುಗಳು ಏಪ್ರನ್ ಕಟ್ಟಿಕೊಂಡು, ಸೌಟು ಹಿಡಿದು, ತಮ್ಮ ತಮ್ಮ ಪಾತ್ರೆಗಳ ಕಾವಲಿಗೆ ನಿಂತಿದ್ದಾರೆ. ಪಕ್ಕದವನ ಪಾತ್ರೆಗೆ ಇಣುಕಿ ಮೂಗು ಮುರಿಯುವುದೂ ನಡೆದಿದೆ.

ಇದೇ ‘ಚಿಲಿ ಕುಕ್‌ಆಫ್’. ಹಾಲಿವುಡ್ ಸಿನಿಮಾಗಳಲ್ಲಿ, ಅಮೆರಿಕದಲ್ಲಿರುವ ನೆಂಟರ ಫೋಟೊಗಳಲ್ಲಿ ನಾವಿದನ್ನು ಅರ್ಧಂಬರ್ಧ ಕಂಡಿರುತ್ತೇವೆ. ಇದು ಬೈಕಿನವರ ಹಬ್ಬವೋ ಅಡುಗೆಯವರ ಹಬ್ಬವೋ, ಇಷ್ಟು ಚಳಿಯಲ್ಲಿ ಇದರ ಅಗತ್ಯವಾದರೂ ಏನು ಎಂಬ ಪ್ರಶ್ನೆ ಹಾಗೇ ಉಳಿದಿರುತ್ತದೆ.

ರಸ್ತೆಗೆ ಉಪ್ಪು ಬಿದ್ದ ಮೇಲೆ

ಬೆಂಗಳೂರಿನ ಬೈಕ್ ಸವಾರರಿಗೆ ವರ್ಷದ ಯಾವ ಭಾನುವಾರವಾದರೂ ಆಗುತ್ತದೆ. ಮಳೆಯಿದ್ದರೆ ರೇನ್‌ಕೋಟ್ ಹಾಕಿಕೊಂಡು ಮೈಸೂರು ರಸ್ತೆಯ ಇಡ್ಲಿ-ವಡೆಗೆ ಹೊರಟರಾಯಿತು. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಈ ಭಾಗ್ಯವಿಲ್ಲ. ನವೆಂಬರ್ ಕಳೆಯುವಷ್ಟರಲ್ಲಿ ರಸ್ತೆಗಳಿಗೆ ಉಪ್ಪು ಸುರಿಯಲು ಶುರು. ಉಪ್ಪು ನೀರಿನ ಹೆಪ್ಪುಗಟ್ಟುವ ಬಿಂದುವನ್ನು ಇಳಿಸಿ ಮಂಜುಗಡ್ಡೆ ಕರಗಿಸುತ್ತದೆ, ಸರಿ. ಆದರೆ ಅದೇ ಉಪ್ಪುನೀರು ಕ್ರೋಮ್, ಚೈನು, ವೈರುಗಳ ಸಂದಿಗೆ ಹೊಕ್ಕು ಲೋಹವನ್ನು ತಿನ್ನುತ್ತದೆ. ಚಳಿ ಇನ್ನೂ ಏರಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿಳಿದರೆ ಸಾಮಾನ್ಯ ಉಪ್ಪೂ ಹೆಚ್ಚು ಕೆಲಸ ಮಾಡುವುದಿಲ್ಲ. ಸೇತುವೆಗಳ ಮೇಲೆ ಕಣ್ಣಿಗೆ ಕಾಣದ ಮಂಜಿನ ಪದರ ಕೂತಿರುತ್ತದೆ. ನಾಲ್ಕು ಚಕ್ರದವನು ಅದರ ಮೇಲೆ ಜಾರಿದರೆ ಬಂಪರ್ ಹೋಗುತ್ತದೆ; ಎರಡು ಚಕ್ರದವನು ಜಾರಿದರೆ ಮೂಳೆ.

ಹೀಗಾಗಿ ಹೆಚ್ಚಿನವರು ಟ್ಯಾಂಕಿನ ಪೆಟ್ರೋಲಿಗೆ ಕೆಡದಂತೆ ಔಷಧ ಬೆರೆಸಿ, ಬ್ಯಾಟರಿಗೆ ಸಣ್ಣ ಚಾರ್ಜರ್ ಸಿಕ್ಕಿಸಿ, ಸೈಲೆನ್ಸರ್ ಬಾಯಿಗೆ ಇಲಿ ಹೋಗದಂತೆ ಬಟ್ಟೆ ತುರುಕಿ, ಬೈಕನ್ನು ಗ್ಯಾರೇಜಿನಲ್ಲಿ ಮಲಗಿಸಿಬಿಡುತ್ತಾರೆ. ಕೆಲವು ರಾಜ್ಯಗಳಲ್ಲಿ ಈ ನಿದ್ದೆ ಐದು ತಿಂಗಳಿನದು.

ಬೈಕೇನೋ ಮಲಗಿತು. ಕ್ಲಬ್ಬು? ಕ್ಲಬ್ಬಿನವರನ್ನು ಕೂಡಿಸಿದ್ದೇ ಸವಾರಿ. ಅವರಲ್ಲಿ ಒಬ್ಬ ವೆಲ್ಡರ್, ಇನ್ನೊಬ್ಬಳು ನರ್ಸ್, ಮತ್ತೊಬ್ಬ ನಿವೃತ್ತ ಮೇಷ್ಟ್ರು. ರಾಜಕೀಯದಲ್ಲಿ ಒಬ್ಬರ ಮುಖ ಇನ್ನೊಬ್ಬರಿಗಾಗದು. ಸವಾರಿ ನಿಂತರೆ ಅವರು ಒಂದೆಡೆ ಸೇರಲು ಕಾರಣವೇ ಇರುವುದಿಲ್ಲ. ಐದು ತಿಂಗಳು ಮುಖ ನೋಡದ ಬಳಗ ವಸಂತ ಬಂದಾಗ ಅರ್ಧವಾಗಿರುತ್ತದೆ ಎಂಬುದು ಕ್ಲಬ್ಬು ನಡೆಸಿದ ಎಲ್ಲರಿಗೂ ಗೊತ್ತಿರುವ ಸಂಗತಿ. ಪದಾಧಿಕಾರಿಗಳ ಆಯ್ಕೆ, ಮುಂದಿನ ವರ್ಷದ ಪ್ರವಾಸಗಳ ಪಟ್ಟಿ, ವಂತಿಗೆ ವಸೂಲಿ ಎಲ್ಲವೂ ಇದೇ ತಿಂಗಳುಗಳಲ್ಲಿ ಆಗಬೇಕು. ಬರೀ ಮೀಟಿಂಗ್ ಎಂದರೆ ಯಾರೂ ಬರುವುದಿಲ್ಲ. ಊಟವಿದೆ ಎಂದರೆ ಒಂದಿಷ್ಟು ಜನ ಬರುತ್ತಾರೆ. ಊಟದಲ್ಲಿ ಪಂದ್ಯವಿದೆ, ಕಳೆದ ಸಲ ಗೆದ್ದವನನ್ನು ಈ ಸಲ ಮಣ್ಣು ಮುಕ್ಕಿಸುವ ಅವಕಾಶವಿದೆ ಎಂದರೆ ಎಲ್ಲರೂ ಬರುತ್ತಾರೆ.

ಅಮೆರಿಕದ ಬೈಕ್ ಕ್ಲಬ್ಬುಗಳ ಇತಿಹಾಸವೆಲ್ಲ ಬೇಸಿಗೆಯದೇ. ಸವಾರರ ರಾಷ್ಟ್ರೀಯ ಸಂಸ್ಥೆಯಾದ ಅಮೆರಿಕನ್ ಮೋಟರ್‌ಸೈಕ್ಲಿಸ್ಟ್ ಅಸೋಸಿಯೇಷನ್ ಹುಟ್ಟಿದ್ದು 1924ರಲ್ಲಿ. ದಕ್ಷಿಣ ಡಕೋಟಾದ ಸ್ಟರ್ಜಿಸ್ ಎಂಬ ಪುಟ್ಟ ಊರಿನಲ್ಲಿ ಜ್ಯಾಕ್‌ಪೈನ್ ಜಿಪ್ಸೀಸ್ ಕ್ಲಬ್ಬು 1938ರಲ್ಲಿ ಶುರು ಮಾಡಿದ ಆಗಸ್ಟ್ ಜಾತ್ರೆಗೆ ಇಂದು ಲಕ್ಷಗಟ್ಟಲೆ ಜನ ಸೇರುತ್ತಾರೆ. ಬೈಕಿನವರೆಂದರೆ ಪುಂಡರು ಎಂಬ ಹಣೆಪಟ್ಟಿ ಅಂಟಿದ್ದೂ ಬೇಸಿಗೆಯಲ್ಲೇ: 1947ರ ಜುಲೈಯಲ್ಲಿ ಕ್ಯಾಲಿಫೋರ್ನಿಯಾದ ಹೊಲಿಸ್ಟರ್‌ನಲ್ಲಿ ನಡೆದ ಗಲಾಟೆ, ‘ಲೈಫ್’ ಪತ್ರಿಕೆ ಅಚ್ಚು ಹಾಕಿದ ಒಂದು ಚಿತ್ರ, ಆಮೇಲೆ 1953ರಲ್ಲಿ ಮರ್ಲಾನ್ ಬ್ರ್ಯಾಂಡೊ ನಟಿಸಿದ ಸಿನಿಮಾ. ಚಳಿಗಾಲದಲ್ಲಿ ಇದೇ ಜನ ಈರುಳ್ಳಿ ಹೆಚ್ಚುತ್ತಾ ಕೂತಿರುವುದನ್ನು ಯಾರೂ ಸಿನಿಮಾ ಮಾಡಲಿಲ್ಲ.

ಪಾತ್ರೆಯೊಳಗೇನಿದೆ

ಚಿಲಿ ಎಂದರೆ ಇಲ್ಲಿ ಮೆಣಸಿನಕಾಯಿಯಲ್ಲ, ದಕ್ಷಿಣ ಅಮೆರಿಕದ ದೇಶವೂ ಅಲ್ಲ. ಒಣಮೆಣಸಿನ ಪುಡಿ, ಜೀರಿಗೆ, ಬೆಳ್ಳುಳ್ಳಿ, ಒರೆಗಾನೊ ಸೊಪ್ಪು ಹಾಕಿ ದನದ ಮಾಂಸವನ್ನು ಗಂಟೆಗಟ್ಟಲೆ ಕುದಿಸಿ ಮಾಡುವ ಗಟ್ಟಿ ಕೆಂಪು ಸಾರು. ಪೂರ್ತಿ ಹೆಸರು ‘ಚಿಲಿ ಕಾನ್ ಕಾರ್ನೆ’. ಸ್ಪ್ಯಾನಿಷ್ ಹೆಸರಿದ್ದರೂ ಇದರ ತವರು ಟೆಕ್ಸಸ್.

ಸ್ಯಾನ್ ಅಂಟೋನಿಯೊ ನಗರದ ಚೌಕಗಳಲ್ಲಿ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಮೆಕ್ಸಿಕನ್ ಮೂಲದ ಹೆಂಗಸರು ಸಂಜೆಯಾಗುತ್ತಲೇ ಲಾಟೀನು ಹಚ್ಚಿ, ಮೇಜು ಹಾಕಿ, ಇದನ್ನು ಬಟ್ಟಲಿಗಿಷ್ಟು ಎಂದು ಮಾರುತ್ತಿದ್ದರು. ಊರು ಅವರನ್ನು ‘ಚಿಲಿ ರಾಣಿಯರು’ ಎಂದು ಕರೆಯಿತು. 1893ರ ಚಿಕಾಗೊ ವಿಶ್ವಮೇಳದಲ್ಲಿ ಸ್ಯಾನ್ ಅಂಟೋನಿಯೊ ಹೆಸರಿನ ಚಿಲಿ ಅಂಗಡಿಯೊಂದು ಇತ್ತು; ಉತ್ತರದವರ ನಾಲಿಗೆಗೆ ಇದರ ರುಚಿ ಹತ್ತಿದ್ದು ಹಾಗೆ. ಅದೇ ದಶಕದಲ್ಲಿ ನ್ಯೂ ಬ್ರಾನ್‌ಫೆಲ್ಸ್ ಊರಿನ ವಿಲಿಯಂ ಗೆಬ್‌ಹಾರ್ಟ್ ಎಂಬ ಜರ್ಮನ್ ವಲಸಿಗ ಮೆಣಸಿನಪುಡಿ-ಮಸಾಲೆಯ ಮಿಶ್ರಣವನ್ನು ಸೀಸೆಗೆ ತುಂಬಿ ಮಾರತೊಡಗಿದ. ನಮ್ಮ ಸಾರಿನಪುಡಿ ಪೊಟ್ಟಣ ಬಂದಮೇಲೆ ಪರದೇಶದಲ್ಲೂ ಸಾರು ಸಾಧ್ಯವಾದಂತೆ, ಆ ಸೀಸೆ ಬಂದಮೇಲೆ ಮೆಣಸಿನ ಗಿಡವನ್ನೇ ಕಾಣದ ಊರುಗಳಲ್ಲೂ ಚಿಲಿ ಬೇಯತೊಡಗಿತು. ರಾಣಿಯರು ಮಾತ್ರ 1930ರ ದಶಕದಲ್ಲಿ ಆರೋಗ್ಯ ಇಲಾಖೆಯ ಕಟ್ಟಳೆಗಳಿಗೆ ಸಿಕ್ಕು ಚೌಕಗಳಿಂದ ಮರೆಯಾದರು. 1977ರಲ್ಲಿ ಟೆಕ್ಸಸ್ ಶಾಸನಸಭೆ ಚಿಲಿಯನ್ನು ರಾಜ್ಯದ ಅಧಿಕೃತ ಖಾದ್ಯವೆಂದು ಸಾರಿದಾಗ ಅವರನ್ನು ಬೀದಿಯಿಂದ ಎಬ್ಬಿಸಿ ಹಲವು ದಶಕಗಳೇ ಆಗಿದ್ದವು.

ಉತ್ತರಕ್ಕೆ ಹೋದಂತೆ ಚಿಲಿ ಜಾತಿ ಬದಲಿಸಿತು. ಅಲ್ಲಿಯವರು ಟೊಮೆಟೊ ಸುರಿದರು, ಬೀನ್ಸ್ ಕಾಳು ಹಾಕಿದರು. ಸಿನ್ಸಿನಾಟಿಯಲ್ಲಿ 1920ರ ದಶಕದಲ್ಲಿ ಮ್ಯಾಸಿಡೋನಿಯಾದಿಂದ ಬಂದ ಅಣ್ಣತಮ್ಮಂದಿರು ಅದಕ್ಕೆ ದಾಲ್ಚಿನ್ನಿ ಬೆರೆಸಿ ಸ್ಪಗೆಟಿ ಶಾವಿಗೆಯ ಮೇಲೆ ಹುಯ್ದರು. ನೆಬ್ರಾಸ್ಕದ ಕಡೆ ಇಂದಿಗೂ ಚಿಲಿಯ ಜೊತೆ ಸಿಹಿ ದಾಲ್ಚಿನ್ನಿ ರೋಲ್ ತಿನ್ನುತ್ತಾರೆ. ಹಾಗೆಂದು ಟೆಕ್ಸಸ್‌ನವನ ಮುಂದೆ ಹೇಳಿದರೆ, ಬಿಸಿಬೇಳೆಬಾತಿಗೆ ನೂಡಲ್ಸ್ ಹಾಕಿದೆ ಎಂದಾಗ ನಾವು ನೋಡುವಂತೆ ನೋಡುತ್ತಾನೆ.

ಮರುಭೂಮಿಯಲ್ಲಿ ಶುರುವಾದ ಜಗಳ

ಚಿಲಿ ಪಂದ್ಯ ಹೆಸರಾಗಿದ್ದು ಒಂದು ಪತ್ರಿಕಾ ಲೇಖನದಿಂದ. 1967ರ ಆಗಸ್ಟ್‌ನ ‘ಹಾಲಿಡೇ’ ಮಾಸಿಕದಲ್ಲಿ ಎಚ್. ಅಲೆನ್ ಸ್ಮಿತ್ ಎಂಬ ಹಾಸ್ಯ ಬರಹಗಾರ, ಚಿಲಿ ಬಗ್ಗೆ ತನಗಿಂತ ಹೆಚ್ಚು ಬಲ್ಲವರು ಯಾರೂ ಇಲ್ಲ ಎಂದು ಬರೆದುಕೊಂಡ. ನ್ಯೂಯಾರ್ಕಿನಲ್ಲಿ ನೆಲೆಸಿದ್ದವನಿಗೆ ಇಷ್ಟು ಧಿಮಾಕೇ ಎಂದು ಟೆಕ್ಸಸ್ ಕೆರಳಿತು. ‘ಡಲ್ಲಾಸ್ ಮಾರ್ನಿಂಗ್ ನ್ಯೂಸ್’ನ ಅಂಕಣಕಾರ ಫ್ರ್ಯಾಂಕ್ ಟೋಲ್ಬರ್ಟ್ ಸವಾಲೆಸೆದ. ಟೆಕ್ಸಸ್ ಪರವಾಗಿ ಸೌಟು ಹಿಡಿಯಲು ವಿಕ್ ಫೌಲರ್ ಎಂಬ ಪತ್ರಕರ್ತ ಸಿದ್ಧನಾದ.

ಅಖಾಡ ಟರ್ಲಿಂಗುವಾ. ಮೆಕ್ಸಿಕೊ ಗಡಿಯ ಬಳಿ ಪಾದರಸದ ಗಣಿ ನಂಬಿ ಹುಟ್ಟಿ, ಗಣಿ ಮುಚ್ಚಿದ ಮೇಲೆ ಹಾಳುಬಿದ್ದ ಊರು. ಅಲ್ಲಿ ಸಾವಿರಾರು ಎಕರೆ ಬರಡು ಜಮೀನು ಕೊಂಡಿದ್ದ ರೇಸ್ ಕಾರು ಖ್ಯಾತಿಯ ಕ್ಯಾರಲ್ ಶೆಲ್ಬಿಗೂ ಅವನ ಪಾಲುದಾರ ವಕೀಲ ಡೇವಿಡ್ ವಿಟ್ಸ್‌ಗೂ ಈ ತಮಾಷೆಯಿಂದ ಪ್ರಚಾರವಾದೀತೆಂಬ ಲೆಕ್ಕವಿತ್ತು. ಅಂದರೆ ಈ ಪಂದ್ಯದ ಹುಟ್ಟಿನಲ್ಲೇ ಎಂಜಿನ್ನು ಮತ್ತು ಒಲೆ ಜೊತೆಗಿದ್ದವು.

1967ರ ಅಕ್ಟೋಬರ್ 21ರಂದು ಮೂವರು ತೀರ್ಪುಗಾರರು ಕೂತರು. ಒಬ್ಬರು ಸ್ಮಿತ್‌ಗೆ ಮತ ಹಾಕಿದರು, ಇನ್ನೊಬ್ಬರು ಫೌಲರ್‌ಗೆ. ನಿರ್ಣಾಯಕ ಮತ ವಿಟ್ಸ್‌ನದು. ಅವನು ಒಂದು ಚಮಚ ಬಾಯಿಗಿಟ್ಟು, ಒದ್ದಾಡಿ, ತನ್ನ ನಾಲಿಗೆಯೇ ಸತ್ತುಹೋಯಿತು, ತೀರ್ಪು ಮುಂದಿನ ವರ್ಷಕ್ಕೆ ಎಂದುಬಿಟ್ಟ. ಈ ಸಂಪ್ರದಾಯದಲ್ಲಿ ಅತ್ಯಂತ ಜಾಣ ತೀರ್ಪು ಇದೇ ಎಂದು ನನಗನಿಸುತ್ತದೆ. ಯಾರಾದರೊಬ್ಬರು ಗೆದ್ದಿದ್ದರೆ ಜಗಳ ಅಲ್ಲೇ ಮುಗಿಯುತ್ತಿತ್ತು, ಎರಡನೇ ವರ್ಷ ಯಾರೂ ಮರುಭೂಮಿಗೆ ಹೋಗುತ್ತಿರಲಿಲ್ಲ.

ಈಗ ನವೆಂಬರಿನ ಮೊದಲ ಶನಿವಾರ ಟರ್ಲಿಂಗುವಾದಲ್ಲಿ ಒಂದಲ್ಲ, ಎರಡು ಪ್ರತಿಸ್ಪರ್ಧಿ ಪಂದ್ಯಗಳು ನಡೆಯುತ್ತವೆ. ಮೂಲ ಬಳಗ 1980ರ ದಶಕದಲ್ಲಿ ಒಡೆದು ಎರಡಾಯಿತು. ಅದಕ್ಕೂ ಮೊದಲೇ ಶೆಲ್ಬಿ ಕ್ಯಾಲಿಫೋರ್ನಿಯಾದಲ್ಲಿ ತನ್ನದೇ ಇಂಟರ್‌ನ್ಯಾಷನಲ್ ಚಿಲಿ ಸೊಸೈಟಿ ಕಟ್ಟಿಕೊಂಡಿದ್ದ. ಇಬ್ಬರು ಸೇರಿದರೆ ಸಂಘ, ಮೂವರು ಸೇರಿದರೆ ಎರಡು ಸಂಘ. ಇದನ್ನು ಯಾವ ಕನ್ನಡಿಗನಿಗೂ ಬಿಡಿಸಿ ಹೇಳಬೇಕಿಲ್ಲ.

ಆರಂಭದ ವರ್ಷಗಳಲ್ಲಿ ಇದು ಗಂಡಸರ ಆಟ. ಮನೆಯಲ್ಲಿ ಒಲೆಯ ಹತ್ತಿರ ಸುಳಿಯದವರು ಜನರ ಮುಂದೆ, ಬಹುಮಾನ ಇಟ್ಟಾಗ, ಬಾಣಸಿಗರಾಗುವುದು ಲೋಕದ ಎಲ್ಲೆಡೆ ಇರುವ ರೋಗ. ಹೆಂಗಸರು ಸಿಟ್ಟಾಗಿ ತಮ್ಮದೇ ಚಿಲಿ ಸಂಘ ಮಾಡಿಕೊಂಡರು. 1974ರಲ್ಲಿ ಟರ್ಲಿಂಗುವಾದ ಕಿರೀಟ ಒಬ್ಬ ಹೆಂಗಸಿನ ಪಾಲಾದ ಮೇಲೆ ಆ ವಾದ ಮುಗಿಯಿತು.

ಕಟ್ಟುನಿಟ್ಟಿನ ಪಂದ್ಯ, ಸಡಿಲ ಪಂದ್ಯ

ಅಧಿಕೃತ ಪಂದ್ಯಗಳ ನಿಯಮಗಳು ಪರೀಕ್ಷಾ ಮಂಡಳಿಯನ್ನು ನೆನಪಿಸುತ್ತವೆ. ಅಡುಗೆ ಅಂದೇ, ಅಲ್ಲೇ, ಹಸಿ ಮಾಂಸದಿಂದಲೇ ಶುರುವಾಗಬೇಕು. ಬೀನ್ಸ್, ಅನ್ನ, ಶಾವಿಗೆ ಯಾವುದೂ ಬೆರೆಯಕೂಡದು. ಎಲ್ಲರಿಗೂ ಒಂದೇ ಬಗೆಯ ಲೋಟ. ಲೋಟಕ್ಕೊಂದು ಗುಪ್ತ ಸಂಖ್ಯೆ, ಅದರ ಜೋಡಿ ಚೀಟಿ ಅಡುಗೆಯವನ ಕೈಯಲ್ಲಿ. ಯಾರದು ಯಾವುದೆಂದು ತೀರ್ಪುಗಾರರಿಗೂ ಸಂಘಟಕರಿಗೂ ಗೊತ್ತಿರುವುದಿಲ್ಲ. ಪರಿಮಳ, ಹದ, ಕೆಂಪು ಬಣ್ಣ, ರುಚಿ, ನುಂಗಿದ ಮೇಲೆ ನಾಲಿಗೆಯಲ್ಲಿ ಉಳಿಯುವ ರುಚಿ, ಈ ಐದರ ಮೇಲೆ ಅಂಕ. ವರ್ಷವಿಡೀ ಊರೂರು ಸುತ್ತಿ ಅಂಕ ಕೂಡಿಸಿದವರಿಗೆ ಟರ್ಲಿಂಗುವಾಕ್ಕೆ ಪ್ರವೇಶ.

ಪಳಗಿದ ಸ್ಪರ್ಧಿಗಳು ಮಸಾಲೆಯನ್ನು ಒಮ್ಮೆಲೇ ಹಾಕುವುದಿಲ್ಲ. ಅಳೆದು ಪೊಟ್ಟಣ ಕಟ್ಟಿಟ್ಟುಕೊಂಡು, ಗಡಿಯಾರ ನೋಡಿ, ಎರಡು ಮೂರು ಕಂತಿನಲ್ಲಿ ಸುರಿಯುತ್ತಾರೆ. ಮೊದಲ ಕಂತು ಮಾಂಸದೊಳಗೆ ಇಳಿಯಲು, ಕೊನೆಯದು ಪರಿಮಳ ಮೇಲೆ ನಿಲ್ಲಲು. ಗೆದ್ದವರ ಪಾಕವಿಧಾನಗಳು ಪ್ರಕಟವೂ ಆಗುತ್ತವೆ. ಒಂದೇ ಕೆಂಪು, ಒಂದೇ ಹದ, ಹೆಚ್ಚುಕಡಿಮೆ ಅದೇ ಮಸಾಲೆ. ಓದುತ್ತಾ ಹೋದರೆ ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದು ಕಷ್ಟ. ಯಾರೂ ಬೇಡವೆನ್ನದ ಚಿಲಿ ಗೆಲ್ಲುತ್ತದೆ, ಯಾರೋ ಒಬ್ಬರು ಹುಚ್ಚು ಹಿಡಿದು ಮೆಚ್ಚುವ ಚಿಲಿ ಸೋಲುತ್ತದೆ.

ಬೈಕ್ ಕ್ಲಬ್ಬಿನ ಪಂದ್ಯ ಇದಕ್ಕೆ ತದ್ವಿರುದ್ಧ. ಬೀನ್ಸ್ ಹಾಕಬಹುದು. ಕೋಳಿ ಮಾಂಸದ ಬಿಳಿ ಚಿಲಿ, ನವೆಂಬರಿನ ಬೇಟೆಯಲ್ಲಿ ಹೊಡೆದು ಫ್ರೀಜರಿನಲ್ಲಿಟ್ಟ ಜಿಂಕೆಯ ಚಿಲಿ, ಸಸ್ಯಾಹಾರಿ ಮಗಳು ಹಟ ಹಿಡಿದು ಮಾಡಿಸಿದ ಕಾಳಿನ ಚಿಲಿ, ಎಲ್ಲಕ್ಕೂ ಮೇಜಿನ ಮೇಲೆ ಜಾಗವಿದೆ. ಕಾಫಿ, ಬಿಯರ್, ಕಹಿ ಚಾಕೊಲೇಟ್ ಸೇರಿಸಿ ‘ಗುಟ್ಟು’ ಎಂದು ಮೀಸೆ ತಿರುವುವವರೂ ಇರುತ್ತಾರೆ. ಹೆಚ್ಚಿನವರು ಹಿಂದಿನ ರಾತ್ರಿ ಮನೆಯಲ್ಲೇ ಬೇಯಿಸಿ ತರುತ್ತಾರೆ. ಪ್ರವೇಶಧನ ಕೊಟ್ಟವರಿಗೆ ಎರಡು ಗುಟುಕು ಹಿಡಿಸುವ ಪುಟ್ಟ ಲೋಟಗಳು. ಒಂದೊಂದು ಪಾತ್ರೆಯಿಂದ ಒಂದೊಂದು ರುಚಿ ನೋಡಿ ಮತ ಹಾಕಬೇಕು. ಕೆಲವೆಡೆ ಮತಚೀಟಿ, ಕೆಲವೆಡೆ ಪ್ರತಿ ಪಾತ್ರೆಯ ಮುಂದಿನ ಜಾಡಿಗೆ ಡಾಲರ್ ನೋಟು. ಜಾಡಿ ಪದ್ಧತಿಯಲ್ಲಿ ಹಣವಿದ್ದ ಮಾವನನ್ನು ಕರೆತಂದವನು ಗೆಲ್ಲುತ್ತಾನೆ. ಅದು ಎಲ್ಲರಿಗೂ ಗೊತ್ತು, ಯಾರೂ ಆಕ್ಷೇಪಿಸುವುದಿಲ್ಲ. ಹಣ ಹೇಗೂ ಒಂದೇ ಡಬ್ಬಿಗೆ ಹೋಗುತ್ತದೆ.

ಈ ಸಭಾಂಗಣಗಳ ನಿಜವಾದ ನಾಯಕ ಅಡುಗೆಯವನಲ್ಲ, ಸ್ಲೋ ಕುಕ್ಕರ್. ಇರ್ವಿಂಗ್ ನ್ಯಾಕ್ಸನ್ ಎಂಬಾತ 1940ರಲ್ಲಿ ಪೇಟೆಂಟ್ ಪಡೆದ ಈ ವಿದ್ಯುತ್ ಪಾತ್ರೆಯನ್ನು ರೈವಲ್ ಕಂಪನಿ 1971ರಲ್ಲಿ ‘ಕ್ರಾಕ್-ಪಾಟ್’ ಹೆಸರಿನಿಂದ ಮಾರುಕಟ್ಟೆಗೆ ಬಿಟ್ಟಿತು. ಒಂದು ಪಾತ್ರೆ ಎಳೆಯುವುದು ಇನ್ನೂರು ಮುನ್ನೂರು ವಾಟ್ ಅಷ್ಟೆ. ಆದರೆ ಹಳೆಯ ಸಭಾಂಗಣದ ಒಂದು ಗೋಡೆಯ ಸಾಕೆಟ್ಟುಗಳೆಲ್ಲ ಸಾಮಾನ್ಯವಾಗಿ ಒಂದೇ 15 ಆಂಪಿಯರ್ ಲೈನಿನವು. 120 ವೋಲ್ಟ್ ದೇಶದಲ್ಲಿ ಅದು ತಡೆಯುವುದು 1800 ವಾಟ್. ಎಂಟನೆಯ ಪಾತ್ರೆಯ ಪ್ಲಗ್ ಸಿಕ್ಕಿಸಿದಾಗ ಟಪ್ ಎಂದು ಫ್ಯೂಸ್ ಹಾರಿ, ಅರ್ಧ ಸಭಾಂಗಣ ಕತ್ತಲಾಗಿ, ಎಲ್ಲರೂ ಎಲೆಕ್ಟ್ರಿಷಿಯನ್ ಸದಸ್ಯನ ಹೆಸರು ಕೂಗುತ್ತಾರೆ.

ಕತ್ತಲಿಗಿಂತ ದೊಡ್ಡ ಅಪಾಯ ಇನ್ನೊಂದಿದೆ. ದೊಡ್ಡ ಪಾತ್ರೆಯ ಮಾಂಸದ ಸಾರನ್ನು ರಾತ್ರಿ ಹಾಗೇ ಆರಲು ಬಿಟ್ಟರೆ ಒಳಭಾಗ ಗಂಟೆಗಟ್ಟಲೆ ಉಗುರು ಬೆಚ್ಚಗೆ ಉಳಿಯುತ್ತದೆ. ಕುದಿತವನ್ನೂ ತಡೆದು ಉಳಿದ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಬ್ಯಾಕ್ಟೀರಿಯಾದ ಬೀಜಕಣಗಳಿಗೆ ಅದೇ ಸುಗ್ಗಿ. ಆದ್ದರಿಂದ ತಿಳಿದವರು ಸಾರನ್ನು ಅಗಲ ತಟ್ಟೆಗಳಿಗೆ ಹರಡಿ ಬೇಗ ತಣಿಸಿ, ಬೆಳಿಗ್ಗೆ ಒಲೆಯ ಮೇಲೆ ಚೆನ್ನಾಗಿ ಕುದಿಸಿ, ಬಡಿಸುವಷ್ಟು ಹೊತ್ತೂ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದಂತೆ ಇಡುತ್ತಾರೆ. ಸ್ಲೋ ಕುಕ್ಕರ್ ಬಿಸಿಯನ್ನು ಕಾಯ್ದುಕೊಳ್ಳಲು ಒಳ್ಳೆಯದು. ತಣ್ಣಗಿನ ಸಾರನ್ನು ಬಿಸಿ ಮಾಡಲು ಕೂತರೆ ಬ್ಯಾಕ್ಟೀರಿಯಾಕ್ಕೇ ನೆರವಾಗುತ್ತದೆ.

ಕೆಂಪಿನ ಲೆಕ್ಕ ಬ್ಯಾಡಗಿಗೂ ಗೊತ್ತು

ಪಂದ್ಯದ ಚಿಲಿ ನಾವು ಊಹಿಸಿದಷ್ಟು ಖಾರವಿರುವುದಿಲ್ಲ. ತೀರ್ಪುಗಾರ ಹತ್ತಾರು ಲೋಟ ರುಚಿ ನೋಡಬೇಕು; ಮೂರನೆಯದರಲ್ಲೇ ಬಾಯಿ ಸುಟ್ಟರೆ ಉಳಿದವರಿಗೆ ಅನ್ಯಾಯ. ಬೇಕಾದ್ದು ದಟ್ಟ ಕೆಂಪು, ಹಿತವಾದ ಖಾರ. ಮೆಕ್ಸಿಕೊದ ಆಂಚೊ ಎಂಬ ಒಣಮೆಣಸು ಅವರಿಗೆ ಇಷ್ಟವಾಗುವುದು ಈ ಕಾರಣಕ್ಕೆ.

ಹಾವೇರಿ ಜಿಲ್ಲೆಯ ಓದುಗರಿಗೆ ಈ ವಿವರಣೆ ಬೇಕಿಲ್ಲ. ಸುಕ್ಕು ಸುಕ್ಕಾದ, ಬಣ್ಣ ಜಾಸ್ತಿ ಖಾರ ಕಡಿಮೆಯ ಬ್ಯಾಡಗಿ ಮೆಣಸಿನಕಾಯಿಯ ಇಡೀ ಮಾರುಕಟ್ಟೆ ನಿಂತಿರುವುದೇ ಈ ಗುಣದ ಮೇಲೆ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಈ ಕಾಯಿಯ ಬಣ್ಣವನ್ನು ವ್ಯಾಪಾರಸ್ಥರು ಹೇಳುವುದು ‘ಆಸ್ಟಾ’ ಅಂಕದಲ್ಲಿ. ಆ ಅಂಕ ಅಮೆರಿಕನ್ ಸ್ಪೈಸ್ ಟ್ರೇಡ್ ಅಸೋಸಿಯೇಷನ್ ಎಂಬ ಅಲ್ಲಿನ ಸಂಬಾರ ವರ್ತಕರ ಸಂಘದ ಹೆಸರಿನಿಂದ ಬಂದದ್ದು. ಮೆಣಸಿನ ಗಿಡ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗೇರಿ ಗೋವೆಗೆ ಬಂದು ನಮ್ಮದಾಯಿತು. ಅದರ ಕೆಂಪನ್ನು ಅಳೆಯುವ ಕೋಲೂ ಆಮೇಲೆ ಅಲ್ಲಿಂದಲೇ ಬಂತು.

ಚಳಿಗೆ ಖಾರ ಒಳ್ಳೆಯದು, ಮೈ ಬಿಸಿಯಾಗುತ್ತದೆ ಎನ್ನುವುದು ಮಾತ್ರ ಅರ್ಧ ಸತ್ಯ. ಮೆಣಸಿನ ಕ್ಯಾಪ್ಸೈಸಿನ್ ಬಾಯೊಳಗೆ ಬಿಸಿ ತಾಕಿದಾಗ ಎಚ್ಚರಗೊಳ್ಳುವ ಗ್ರಾಹಕವನ್ನೇ ತಟ್ಟಿ, ಸುಡುತ್ತಿದೆ ಎಂದು ಮಿದುಳಿಗೆ ಸುಳ್ಳು ಸುದ್ದಿ ಕಳಿಸುತ್ತದೆ. 1997ರಲ್ಲಿ ಆ ಗ್ರಾಹಕವನ್ನು ಗುರುತಿಸಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಸುಳ್ಳನ್ನು ನಂಬಿದ ದೇಹ ಬೆವರುತ್ತದೆ. ಬೆವರು ಮೈಯನ್ನು ತಣಿಸುತ್ತದೆ. ಬೆವರಿದ ಮೈಯಲ್ಲಿ ಬೈಕ್ ಹತ್ತಿ ಹೊರಟವನ ಗತಿ ಹೇಳಬೇಕಿಲ್ಲ. ನಿಜವಾಗಿ ಬೆಚ್ಚಗಾಗಿಸುವುದು ಬಟ್ಟಲಿನ ಬಿಸಿ, ಹೊಟ್ಟೆಗೆ ಬಿದ್ದ ಕೊಬ್ಬು, ಒಳಗಿನ ಹೀಟರ್.

ಆದರೂ ಬೈಕಿನಲ್ಲೇ ಬರುವವರು

ಸಭಾಂಗಣದ ಹೊರಗೆ ನಿಂತಿದ್ದ ಆ ಮೂರು ನಾಲ್ಕು ಬೈಕುಗಳಿಗೆ ಬರೋಣ. ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ ಸುಮಾರು 90 ಕಿಲೋಮೀಟರ್ ವೇಗದಲ್ಲಿ ಹೋಗುವವನ ಬರಿ ಚರ್ಮಕ್ಕೆ ಗಾಳಿಯಿಂದಾಗಿ ಮೈನಸ್ ಹತ್ತು ಡಿಗ್ರಿಯಂತೆ ಅನಿಸುತ್ತದೆ. ಮೊದಲು ಹೋಗುವುದು ಬೆರಳು. ಬ್ರೇಕು ಕ್ಲಚ್ಚು ಎರಡೂ ಬೆರಳಿನ ಕೆಲಸವಾದ್ದರಿಂದ ಇದು ಬರೀ ನೋವಿನ ಪ್ರಶ್ನೆಯಲ್ಲ. ಬೈಕಿನ ಬ್ಯಾಟರಿಗೆ ವೈರು ಜೋಡಿಸಿ ಬಿಸಿಯಾಗುವ ಜಾಕೀಟು, ಕೈಗವಸು, ಬಿಸಿ ಹಿಡಿಕೆಗಳು ಈಗ ಬಂದಿವೆ. ಅವಿದ್ದರೂ ತಣ್ಣಗಿನ ಟೈರು ರಸ್ತೆಯನ್ನು ಬೇಸಿಗೆಯಷ್ಟು ಕಚ್ಚುವುದಿಲ್ಲ.

ಹೀಗಿದ್ದೂ ಬರುವವರು ಬರುತ್ತಾರೆ. ನ್ಯೂಜೆರ್ಸಿಯ ‘ಪೋಲಾರ್ ಬೇರ್ ಗ್ರ್ಯಾಂಡ್ ಟೂರ್’ ಎಂಬ ಬಳಗ ಚಳಿಗಾಲದುದ್ದಕ್ಕೂ ಭಾನುವಾರಗಳಂದು ಗೊತ್ತಾದ ಒಂದು ಹೋಟೆಲಿಗೆ ಸವಾರಿ ಇಟ್ಟುಕೊಂಡು, ಬಂದವರಿಗೆ ದೂರದ ಲೆಕ್ಕದಲ್ಲಿ ಅಂಕ ಕೊಡುತ್ತದೆ. ಚಿಲಿ ಪಂದ್ಯಕ್ಕೆ ಬೈಕಿನಲ್ಲಿ ಬಂದವರಿಗೆ ಪ್ರವೇಶಧನ ಬಿಡುವ, ಅತಿ ದೂರದಿಂದ ಬಂದವರಿಗೆ ಬಹುಮಾನ ಕೊಡುವ ರೂಢಿ ಕ್ಲಬ್ಬುಗಳಲ್ಲಿದೆ. ಪಾತ್ರೆ ಹೊತ್ತು ಬೈಕಿನಲ್ಲಿ ಬರುವವರು ಕಡಿಮೆ; ಸೈಡ್‌ಕಾರ್ ಇದ್ದವರಿಗಷ್ಟೇ ಆ ವೈಭವ. ಮಗ್ಗುಲ ಗಾಡಿಯಲ್ಲಿ ಹೆಂಡತಿ ಕೂರುವ ಜಾಗಕ್ಕೆ ಬೆಲ್ಟ್ ಬಿಗಿದ ಪಾತ್ರೆ!

ಬಯಲಲ್ಲೇ ಒಲೆ ಹೂಡುವ ಯುರೋಪು

ಸಭಾಂಗಣವೂ ಬೇಡ, ಹೀಟರೂ ಬೇಡ ಎನ್ನುವ ಪರಂಪರೆ ಜರ್ಮನಿಯಲ್ಲಿದೆ. ಎರ್ನ್‌ಸ್ಟ್ ಲೆವರ್ಕುಸ್ ಎಂಬ ಮೋಟರ್‌ಸೈಕಲ್ ಪತ್ರಕರ್ತ 1956ರ ಜನವರಿಯಲ್ಲಿ ಶ್ಟುಟ್‌ಗಾರ್ಟ್ ಬಳಿಯ ಸಾಲಿಟ್ಯೂಡ್ ಅರಮನೆಯ ಹತ್ತಿರ ಕೆಲವೇ ಗೆಳೆಯರನ್ನು ಸೇರಿಸಿದ. ಅವರ ಬಳಿ ಇದ್ದದ್ದು ‘ಹಸಿರು ಆನೆ’ ಎಂಬ ಅಡ್ಡಹೆಸರಿನ ಸುಂಡಾಪ್ ಕೆಎಸ್ 601 ಬೈಕುಗಳು, ಪಕ್ಕಕ್ಕೆ ಸೈಡ್‌ಕಾರ್. ಆ ಕೂಟಕ್ಕೆ ‘ಆನೆಗಳ ಕೂಟ’ ಎಂದೇ ಹೆಸರಾಯಿತು. ಅದು ಬೆಳೆದು ನುರ್ಬುರ್ಗ್‌ರಿಂಗ್ ರೇಸ್ ಪಥಕ್ಕೆ ಹೋಗಿ, 1989ರಿಂದ ಬವೇರಿಯದ ಕಾಡಿನ ಸೊಲ್ಲಾ ಎಂಬ ಹಳ್ಳಿಯ ತಗ್ಗಿನಲ್ಲಿ ನಡೆಯುತ್ತಿದೆ. ಸಾವಿರಾರು ಸವಾರರು ಹಿಮದ ಮೇಲೆ ಹುಲ್ಲು ಹಾಸಿ, ಗುಡಾರ ಹೂಡಿ, ಬೆಂಕಿಯ ಸುತ್ತ ಕೂತು ಅಡುಗೆ ಮಾಡಿಕೊಳ್ಳುತ್ತಾರೆ. ಉತ್ತರ ವೇಲ್ಸ್‌ನ ಬೆಟ್ಟಗಳಲ್ಲಿ 1960ರ ದಶಕದ ಆರಂಭದಿಂದ ನಡೆದುಬಂದ ‘ಡ್ರ್ಯಾಗನ್ ರ್‍ಯಾಲಿ’ಯೂ ಇದೇ ಬಗೆಯದು.

ಅಲ್ಲಿ ಬಹುಮಾನದ ಅಡುಗೆಯಿಲ್ಲ. ಒಲೆ ಹೊತ್ತಿಸುವುದೇ ಸ್ಪರ್ಧೆ. ಕ್ಯಾಂಪಿಂಗ್ ಒಲೆಯ ಸಣ್ಣ ಸಿಲಿಂಡರಿನಲ್ಲಿ ಬರೀ ಬ್ಯುಟೇನ್ ಇದ್ದರೆ ಅದು ಕುದಿಯುವುದು ಮೈನಸ್ ಅರ್ಧ ಡಿಗ್ರಿಯಲ್ಲಿ. ಚಳಿ ಅದಕ್ಕಿಂತ ಇಳಿದರೆ ಅನಿಲವಾಗದೆ ದ್ರವವಾಗಿಯೇ ಕೂತುಬಿಡುತ್ತದೆ, ಉರಿ ಸಾಯುತ್ತದೆ. ಪ್ರೊಪೇನ್ ಮೈನಸ್ 42 ಡಿಗ್ರಿವರೆಗೂ ಅನಿಲವಾಗುತ್ತದೆ. ಇದನ್ನು ತಿಳಿಯದೆ ತಪ್ಪು ಸಿಲಿಂಡರ್ ತಂದವನು ಅದನ್ನು ಜಾಕೀಟಿನೊಳಗೆ ಕಂಕುಳಲ್ಲಿ ಅವುಚಿಕೊಂಡು ಕೂರುತ್ತಾನೆ. ಬುದ್ಧಿವಂತ ಪಕ್ಕದ ಗುಡಾರದವನ ಬೆಂಕಿಯತ್ತ ನಡೆಯುತ್ತಾನೆ.

ಡಬ್ಬಿಯ ಹಣ

ಅಮೆರಿಕದ ಸಭಾಂಗಣದಲ್ಲಿ ಸಂಜೆ ನಾಲ್ಕಕ್ಕೆ ಲೆಕ್ಕ. ಪ್ರವೇಶಧನ, ಜಾಡಿಗಳ ನೋಟು, ಮನೆಯಲ್ಲಿ ಮಾಡಿ ತಂದ ಕೇಕುಗಳ ಮಾರಾಟ, ‘ಫಿಫ್ಟಿ-ಫಿಫ್ಟಿ’ ಲಾಟರಿ. ಕೊನೆಯದರಲ್ಲಿ ಚೀಟಿ ಮಾರಿ ಬಂದ ಹಣದ ಅರ್ಧ ಗೆದ್ದವನಿಗೆ, ಅರ್ಧ ಕ್ಲಬ್ಬಿನ ಕೆಲಸಕ್ಕೆ. ಎಷ್ಟೋ ಸಲ ಗೆದ್ದವನು ತನ್ನ ಅರ್ಧವನ್ನೂ ಮೇಜಿನ ಮೇಲೆ ವಾಪಸ್ ಇಟ್ಟುಬಿಡುತ್ತಾನೆ. ಎಲ್ಲರೂ ನೋಡುತ್ತಿರುವಾಗ ಜೇಬಿಗಿಳಿಸುವುದು ಸುಲಭವಲ್ಲ.

ಈ ಹಣ ಊರಿನ ಆಹಾರ ನಿಧಿಗೆ ಹೋಗಬಹುದು, ಬಡ ಮಕ್ಕಳ ಚಳಿಯಂಗಿಗೆ ಹೋಗಬಹುದು. ಹಲವು ವರ್ಷ ಅದು ಹೋಗುವುದು ಕ್ಲಬ್ಬಿನವರದೇ ಯಾರದೋ ಆಸ್ಪತ್ರೆ ಬಿಲ್ಲಿಗೆ. ಬೈಕ್ ಅಪಘಾತವೆಂದರೆ ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ಸಂಬಳವಿಲ್ಲದ ವಿಶ್ರಾಂತಿ; ವಿಮೆಯಿದ್ದರೂ ಕೈಯಿಂದ ಕಟ್ಟಬೇಕಾದ ಪಾಲು ಅಲ್ಲಿ ಸಣ್ಣದಲ್ಲ. ಚಿಲಿ ಮಾರಿ ಬಂದ ಹಣ ಆ ಬಿಲ್ಲನ್ನು ತೀರಿಸುವುದಿಲ್ಲ. ಒಂದು ತಿಂಗಳ ಮನೆ ಸಾಲದ ಕಂತಿಗೋ ಮನೆ ಬಿಸಿಯಿಡುವ ಗ್ಯಾಸಿಗೋ ಆಗುತ್ತದೆ. ಶ್ರೀಮಂತ ದೇಶವೊಂದು ಕಾಯಿಲೆಯ ಖರ್ಚನ್ನು ಸೌಟಿನಿಂದ ಎತ್ತಬೇಕಾಗಿ ಬಂದದ್ದು ವಿಚಿತ್ರ. ಅದನ್ನು ಕ್ಲಬ್ಬಿನವರೂ ಬಲ್ಲರು, ಬೈಯ್ಯುತ್ತಲೇ ಬಡಿಸುತ್ತಾರೆ.

ಬಹುಮಾನಗಳ ಸರದಿ ಆಮೇಲೆ. ಹಳೆಯ ಪಿಸ್ಟನ್ನಿಗೆ ಸೌಟು ಬೆಸೆದ ಟ್ರೋಫಿ ಒಬ್ಬರಿಗೆ, ಅತಿ ಖಾರದ ಪಾತ್ರೆಗೊಂದು, ಅತಿ ಕೆಟ್ಟದ್ದಕ್ಕೊಂದು. ಕೆಟ್ಟ ಚಿಲಿಗೆ ಬಹುಮಾನವಿರುವ ಕ್ಲಬ್ಬುಗಳಲ್ಲಿ ಸ್ಪರ್ಧಿಗಳಿಗೆ ಬರಗಾಲವಿಲ್ಲ, ಅಡುಗೆ ಬಾರದವನೂ ಧೈರ್ಯವಾಗಿ ಹೆಸರು ಕೊಡುತ್ತಾನೆ. ಆಮೇಲೆ ಅಧ್ಯಕ್ಷರು ಮೈಕ್ ಹಿಡಿದು ಏಪ್ರಿಲಿನ ಮೊದಲ ಸವಾರಿಯ ದಿನಾಂಕ ಓದುತ್ತಾರೆ, ವಂತಿಗೆ ಬಾಕಿ ಉಳಿಸಿಕೊಂಡವರ ಹೆಸರನ್ನೂ ಓದುತ್ತಾರೆ. ಹೊಟ್ಟೆ ತುಂಬಿ ಕೂತ ಜನ ಎದ್ದು ಓಡುವ ಸ್ಥಿತಿಯಲ್ಲಿರುವುದಿಲ್ಲ. ಖಜಾಂಚಿ ರಸೀದಿ ಪುಸ್ತಕ ಹಿಡಿದು ಬಾಗಿಲ ಬಳಿಯೇ ಕುರ್ಚಿ ಹಾಕಿಕೊಂಡಿರುತ್ತಾನೆ.